ಸೂರುಹಲಗೆ ಬದಲಿಸುವ ಹೊತ್ತು: ಒಂದು ಹಂಚಿನ ಮನೆಯ ಪ್ರಕರಣ

ಮಳೆಗಾಲ ಮುಗಿಯುತ್ತಿದ್ದಂತೆ ನನಗೆ ಬರುವ ಫೋನುಗಳಲ್ಲಿ ಬಹಳಷ್ಟು ಒಂದೇ ಪ್ರಶ್ನೆಯವು. "ಸೂರಿನ ಹಲಗೆ ಹಾಳಾಗಿದೆ, ಬದಲಿಸಬೇಕಾ, ಪೇಂಟ್ ಹೊಡೆದರೆ ಸಾಕಾ?" ಫೋನಿನಲ್ಲಿ ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಹಲಗೆಯ ಹಿಂದೆ ಏನಿದೆ ಎನ್ನುವುದನ್ನು ನೋಡಿಯೇ ಹೇಳಬೇಕು. ಹಾಗೆ ನೋಡದೆ ಎರಡು ಸಲ ರಿಪೇರಿ ಮಾಡಿಸಿ ಮೂರನೇ ಸಲ ನನ್ನನ್ನು ಕರೆದ ಒಂದು ಮನೆಯ ಕಥೆ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಮತ್ತು ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬಿಟ್ಟಿದ್ದೇನೆ.

ಮನೆ

ಪುತ್ತೂರಿನಿಂದ ಒಳಗೆ, ಅಡಿಕೆ ತೋಟದ ನಡುವೆ, ಅರವತ್ತರ ದಶಕದ ಕೊನೆಯಲ್ಲಿ ಕಟ್ಟಿದ ಮನೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮಂಗಳೂರು ಹಂಚಿನ ಮಾಡು (ಛಾವಣಿ), ಅದನ್ನು ಹೊರುವ ಇಳಿಜಾರಿನ ತೊಲೆಗಳು, ಅಂದರೆ ಪಕ್ಕಾಸು, ಹೆಬ್ಬಲಸಿನ ಮರದವು. ಮುಂಭಾಗ ಪಡುವಣಕ್ಕೆ, ಉದ್ದ 42 ಅಡಿ. ಜಗಲಿಯ ಮೇಲೆ ಸೂರು ಮೂರು ಅಡಿ ಮುಂದೆ ಚಾಚಿದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ, ಗಾಳಿಮಳೆ ನೇರವಾಗಿ ಬಡಿಯುವ ದಿಕ್ಕಿಗೆ ಮುಖ ಮಾಡಿದ ಮನೆಗೆ ಮೂರು ಅಡಿ ಸೂರು ಶೋಕಿಯಲ್ಲ. ಗೋಡೆಯನ್ನು ಕಾಯುವುದೇ ಅದು.

ಹೊಸಬರಿಗಾಗಿ ಒಂದು ಮಾತು. ಪಕ್ಕಾಸುಗಳು ಗೋಡೆ ದಾಟಿ ಹೊರಗೆ ಚಾಚುತ್ತವಲ್ಲ, ಆ ತುದಿಗಳನ್ನು ಮುಚ್ಚಿ ಉದ್ದಕ್ಕೂ ಹೊಡೆದ ಹಲಗೆಯೇ ಸೂರುಹಲಗೆ. ಇಂಜಿನಿಯರುಗಳ ಬಾಯಲ್ಲಿ ಫೇಶಿಯಾ. ಜಗಲಿಯಲ್ಲಿ ಕೂತು ತಲೆ ಎತ್ತಿದರೆ ಕಾಣುವ ಸೂರಿನ ಅಡಿಭಾಗ ಸಾಫಿಟ್. ನಮ್ಮ ಹಳೆಯ ಮನೆಗಳಲ್ಲಿ ಈ ಅಡಿಭಾಗಕ್ಕೆ ಮುಚ್ಚಿಗೆ ಇರುತ್ತಿರಲಿಲ್ಲ. ಪಕ್ಕಾಸು, ಹಂಚು ಕೂರಿಸಲು ಅದರ ಮೇಲೆ ಅಡ್ಡಕ್ಕೆ ಹೊಡೆದ ರೀಪು, ಹಂಚಿನ ಅಡಿಮೈ ಎಲ್ಲ ನೇರವಾಗಿ ಕಾಣುತ್ತಿತ್ತು.

ಈ ಮನೆಯಲ್ಲಿ 2017ರಲ್ಲಿ ಅದನ್ನು ಮುಚ್ಚಿದರು. ಮದುವೆ ಹತ್ತಿರ ಬಂದಿತ್ತು, ಬಾವಲಿಗಳು ಜಗಲಿಯಲ್ಲಿ ಗಲೀಜು ಮಾಡುತ್ತಿದ್ದವು, ಗಲ್ಫಿನಲ್ಲಿದ್ದ ಹಿರಿಯ ಮಗ ಹಣ ಕಳಿಸಿದರು. ಪಡುವಣ ಸೂರಿನ ಅಡಿಗೆ ಪೂರ್ತಿ ಪಿವಿಸಿ ಪಟ್ಟಿ ಬಂತು. ಗಾಳಿಯಾಡಲು ಒಂದು ಬೆರಳಿನಷ್ಟೂ ಸಂದಿ ಬಿಡಲಿಲ್ಲ. ಅಂಗಳ ಒದ್ದೆಯಾಗದಿರಲಿ ಎಂದು ಸೂರುಹಲಗೆಗೆ ಆರಿಂಚಿನ ಪಿವಿಸಿ ದಂಬೆಯನ್ನೂ, ಅಂದರೆ ಸೂರಿನ ನೀರು ಹಿಡಿದು ಸಾಗಿಸುವ ಅರೆಕೊಳವೆಯನ್ನೂ, ಕಟ್ಟಿದರು. ನೋಡಲು ಚಂದವೇ ಆಗಿತ್ತು. ಫೋಟೋ ನೋಡಿದ್ದೇನೆ.

ಶಬ್ದ

ಮರುವರ್ಷದ ಆಷಾಢದಲ್ಲಿ ಮನೆಯ ಹಿರಿಯಮ್ಮ, ಎಂಬತ್ತು ದಾಟಿದವರು, ರಾತ್ರಿ ಮಲಗಿದಾಗ ಜಗಲಿಯ ಕಡೆಯಿಂದ "ಟಪ್, ಟಪ್" ಎಂದು ಕೇಳುತ್ತದೆ ಎಂದರಂತೆ. ಟಾರ್ಚ್ ಹಿಡಿದು ನೋಡಿದರೆ ಜಗಲಿ ಒಣಗಿತ್ತು. ದಂಬೆಯಿಂದ ಇಳಿಯುವ ನೀರಿರಬೇಕು ಎಂದು ಎಲ್ಲರೂ ಸುಮ್ಮನಾದರು.

ಹನಿ ಬೀಳುತ್ತಿದ್ದದ್ದು ಪಿವಿಸಿಯ ಮೇಲೆ. ಮಂಗ ಓಡಾಡಿ ಎರಡು ಹಂಚು ಸೀಳಿದ್ದವು. ಮುಚ್ಚಿಗೆ ಇಲ್ಲದ ಕಾಲದಲ್ಲಾಗಿದ್ದರೆ ಆ ನೀರು ಜಗಲಿಯ ಕಾವಿ ನೆಲಕ್ಕೆ ಬಿದ್ದು, ಅದೇ ವಾರ ಹಂಚು ಬದಲಾಗುತ್ತಿತ್ತು. ಐವತ್ತು ವರ್ಷ ಆ ಮನೆ ನಡೆದದ್ದೇ ಹಾಗೆ. ಈಗ ಸೋರುವುದು ನಿಲ್ಲಲಿಲ್ಲ, ಕಾಣುವುದು ನಿಂತಿತು. ಈ ಪ್ರಕರಣದ ಮೊದಲ ತಿರುವು ಇದು ಎಂದು ನಾನು ಈಗ ತಿಳಿದಿದ್ದೇನೆ. ಇಷ್ಟು ಮೊದಲೇ, ಇಷ್ಟು ಅಗ್ಗದಲ್ಲಿ ಸರಿಪಡಿಸುವ ಅವಕಾಶ ಆ ಮನೆಗೆ ಮತ್ತೆ ಸಿಗಲಿಲ್ಲ.

ಮರದ ಲೆಕ್ಕವೂ ಇಲ್ಲಿ ಮುಖ್ಯ. ಕರಾವಳಿಯ ಜುಲೈ ತಿಂಗಳ ಗಾಳಿಯಲ್ಲಿ, ಒಂದು ಹನಿ ನೀರು ತಾಗದ ಮರ ಕೂಡ 20 ಶೇಕಡಾದ ಆಸುಪಾಸಿನ ತೇವ ಹಿಡಿದುಕೊಂಡಿರುತ್ತದೆ. ಅದಕ್ಕಿಂತ ಮೇಲೇರಿ ಅಲ್ಲೇ ನಿಂತರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ ತೆರೆಯುತ್ತದೆ. 30ರ ಹತ್ತಿರ ಹೋದರೆ ಕೊಳೆತ ಜೋರಾಗುತ್ತದೆ. ಹಳೆಯ ಮನೆಗಳ ಮರ ಉಳಿದದ್ದು ಒದ್ದೆಯಾಗದೆ ಅಲ್ಲ, ಒದ್ದೆಯಾದದ್ದು ಬೇಗ ಒಣಗುತ್ತಿದ್ದುದರಿಂದ. ಸೂರಿನ ಅಡಿಗೆ ಗಾಳಿ ನಿಂತರೆ ಆ ಒಣಗುವಿಕೆಯೇ ನಿಂತಂತೆ.

ಮೊದಲ ಎರಡು ರಿಪೇರಿ

2019ರ ಅಕ್ಟೋಬರಿನಲ್ಲಿ ಸೂರುಹಲಗೆಯ ಜೋಡಣೆಯ ಜಾಗದಲ್ಲಿ ಕಂದು ಕಲೆ ಕಂಡಿತು. ಪೇಂಟ್ ಗುಳ್ಳೆ ಎದ್ದಿತ್ತು, ಮೊಳೆಗಳ ತಲೆಯಿಂದ ತುಕ್ಕಿನ ಗೆರೆ ಇಳಿದಿತ್ತು. 2020ರ ಬೇಸಿಗೆಯಲ್ಲಿ ಪೇಂಟಿನವರು ಬಂದು ಉಜ್ಜಿ, ಬಿರುಕಿಗೆ ಪುಟ್ಟಿ ತುಂಬಿ, ಹಲಗೆಗೂ ಪಿವಿಸಿಗೂ ನಡುವಿನ ಸಂದಿಗೆ ಸಿಲಿಕಾನ್ ಹೊಡೆದು, ಎರಡು ಕೋಟ್ ಪೇಂಟ್ ಕೊಟ್ಟರು. ಒಳಗೆ ಬಿದ್ದ ನೀರು ಅಲ್ಪಸ್ವಲ್ಪ ಹೊರಹೋಗುತ್ತಿದ್ದದ್ದು ಆ ಸಂದಿಯಿಂದಲೇ. ಅದೂ ಮುಚ್ಚಿಹೋಯಿತು.

ಒಂದೇ ಮಳೆಗಾಲಕ್ಕೆ ಪೇಂಟ್ ಸುಲಿಯಿತು. ಹಲಗೆಯ ಕೆಳಅಂಚು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. 2021ರಲ್ಲಿ ಬಂದ ಗುತ್ತಿಗೆದಾರರು ಹಳೆ ಹಲಗೆ ಕಳಚುವುದು ಬೇಡ, ಹಂಚು ಇಳಿಸುವ ಖರ್ಚು ಬರುತ್ತದೆ, ಅದರ ಮೇಲೆಯೇ ಹೊಸದು ಕೂರಿಸೋಣ ಎಂದರು. ಹಳೆ ಹಲಗೆ ಅಲ್ಲಲ್ಲಿ ಸೊಟ್ಟಗಾಗಿತ್ತು. ಗೆರೆ ನೇರ ಬರಲೆಂದು ಒಂದಿಂಚಿನ ಪಟ್ಟಿ ಹೊಡೆದು, ಅದರ ಮೇಲೆ ಅರ್ಧ ಇಂಚಿನ ಫೈಬರ್ ಸಿಮೆಂಟ್ ಹಲಗೆ ಸ್ಕ್ರೂ ಮಾಡಿದರು. ಹಂಚಿನ ತುದಿಗಳ ಏರುಪೇರು ಮುಚ್ಚಲು ಹೊಸ ಹಲಗೆಯನ್ನು ಅರ್ಧ ಇಂಚು ಮೇಲಕ್ಕೂ ಎತ್ತಿದರು. ದಂಬೆ ಮತ್ತೆ ಅದರ ಮೇಲೆ ಬಂತು.

ಇಲ್ಲಿ ಆದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದೇ ಕೆಲಸ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಕೊನೆಯ ಸಾಲಿನ ಹಂಚು ಮೊದಲು ಸೂರುಹಲಗೆಗಿಂತ ಮೂರು ಇಂಚು ಮುಂದಿತ್ತು. ನೀರು ಹಲಗೆಯನ್ನು ಮುಟ್ಟದೆ ದೂರ ಬೀಳುತ್ತಿತ್ತು. ಒಂದೂವರೆ ಇಂಚು ದಪ್ಪ ಸೇರಿಸಿದ ಮೇಲೆ ಉಳಿದದ್ದು ಒಂದೂವರೆ ಇಂಚು. ಗಾಳಿಮಳೆಯಲ್ಲಿ ನೀರು ಹಂಚಿನ ಅಡಿಗೇ ಅಂಟಿಕೊಂಡು ಹಿಂದೆ ಸರಿದು ಹಲಗೆಗೆ ಇಳಿಯಲು ಅಷ್ಟು ಸಾಕು. ಹಲಗೆ ಅರ್ಧ ಇಂಚು ಮೇಲೇರಿದ್ದರಿಂದ ಕೊನೆಯ ಸಾಲಿನ ಹಂಚಿನ ಬಾಲವೂ ಮೇಲೆದ್ದಿತು. ಅದರ ಇಳಿಜಾರು ಕಡಿಮೆಯಾಯಿತು, ಮೇಲಿನ ಸಾಲಿನ ಜೊತೆಗಿನ ಹೊಂದಿಕೆ ಬಾಯಿ ಬಿಟ್ಟಿತು. ಆ ಬಾಯಿಯ ನೇರ ಕೆಳಗೆ ಇರುವುದು ಪಕ್ಕಾಸಿನ ಬೆನ್ನು.

ಜೊತೆಗೆ ಆ ಸ್ಕ್ರೂಗಳೆಲ್ಲ ಹಿಡಿದದ್ದು ಕೊಳೆತ ಮರವನ್ನು. ಆರಿಂಚಿನ ಅರ್ಧಗೋಲ ದಂಬೆ ತುಂಬಿದರೆ ಮೀಟರಿಗೆ ಸುಮಾರು 8.8 ಲೀಟರ್ ನೀರು. ಹಲಸಿನೆಲೆ, ಅಡಿಕೆ ಹಿಂಗಾರದ ಹುಡಿ ಕಟ್ಟಿಕೊಂಡು 42 ಅಡಿ ದಂಬೆ ತುಂಬಿ ನಿಂತರೆ 110 ಕಿಲೊ ಮೀರುತ್ತದೆ. 2023ರ ಜುಲೈಯ ಒಂದು ರಾತ್ರಿ ದಂಬೆಯೂ ಹನ್ನೆರಡು ಅಡಿಯಷ್ಟು ಸೂರುಹಲಗೆಯೂ ಒಟ್ಟಿಗೆ ಅಂಗಳಕ್ಕೆ ಬಿದ್ದವು. ಸಂಜೆಯಾಗಿದ್ದರೆ ಅಲ್ಲಿ ಮಕ್ಕಳು ಇರುತ್ತಿದ್ದರು.

ಆಗಸ್ಟಿನಲ್ಲಿ ಕಂಡದ್ದು

ನಾನು ಹೋದಾಗ ಮಳೆ ಹಿಡಿದಿತ್ತು. ಹಂಚು ಇಳಿಸುವ ಮಾತೇ ಇಲ್ಲ. ಆದರೂ ಆ ದಿನ ಮಳೆಯಿದ್ದದ್ದು ಒಳ್ಳೆಯದೇ ಆಯಿತು. ಅಂಗಳದ ಅಂಚಿನ ಮುರಕಲ್ಲಿನಲ್ಲಿ ಐವತ್ತು ವರ್ಷದ ಸೂರುನೀರು ಕೊರೆದ ಗುಳಿಗಳ ಸಾಲಿತ್ತು, ಒಂದೊಂದು ಹಂಚಿಗೆ ಒಂದೊಂದು ಗುಳಿ. ಫೈಬರ್ ಹಲಗೆ ಇನ್ನೂ ನಿಂತಿದ್ದ ಕಡೆ ನೀರು ಆ ಗುಳಿಗಳಿಗೆ ಬೀಳುತ್ತಿರಲಿಲ್ಲ. ಹಲಗೆಯ ಮೈಮೇಲೆ ಇಳಿದು, ಗುಳಿಗಳಿಗಿಂತ ಒಳಗೆ, ಪಾಚಿ ಹಿಡಿದ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ದೋಷ ದಂಬೆಯದ್ದು ಎಂದುಕೊಂಡು ಬಂದಿದ್ದೆ. ದಂಬೆ ಬಿದ್ದುಹೋದ ಮೇಲೂ ಹಲಗೆ ಒದ್ದೆಯಾಗುತ್ತಿದೆ ಎಂದಾದರೆ ಮೂಲ ಬೇರೆಯೇ ಎಂದು ಆ ಕಲ್ಲು ಹೇಳಿತು.

ಅಂದೇ ಪಿವಿಸಿ ಬಿಚ್ಚಲು ಹೇಳಿದೆ. ಕಿರಿಯ ಮಗ ಹಿಂಜರಿದರು. ಬಾವಲಿ ಮತ್ತೆ ಬರುತ್ತದಲ್ಲ ಎನ್ನುವುದು ಅವರ ಚಿಂತೆ. ಜೊತೆಗಿದ್ದ ಆಚಾರಿ (ಬಡಗಿ) ಹೇಳಿದರು, "ಒಳಗೆ ಎಂತ ಉಂಟು ಅಂತ ಬಿಚ್ಚದೆ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಬಾವಲಿಯನ್ನು ಆಮೇಲೆ ನೋಡುವ." ಮೊದಲ ಪಟ್ಟಿ ಎಳೆದಾಗ ಕಪ್ಪು ನೀರು, ಕೊಳೆತ ಎಲೆ, ನೆನೆದ ಮರದ ಹುಡಿ ಒಟ್ಟಿಗೆ ಸುರಿಯಿತು. ಅಣಬೆಯ ವಾಸನೆ. ಹಿರಿಯಮ್ಮ ಜಗಲಿಯ ಕಂಬ ಹಿಡಿದು ನಿಂತು ನೋಡಿ, "ನಾನು ಆಗಲೇ ಹೇಳಿದ್ದೆ" ಎಂದಷ್ಟೇ ಅಂದರು.

ಪರೀಕ್ಷೆಯ ಬಗೆ ಸರಳ. ಸುತ್ತಿಗೆಯ ಹಿಡಿಯಿಂದ ಪಕ್ಕಾಸಿನ ತುದಿಯಿಂದ ಗೋಡೆಯವರೆಗೆ ಗೇಣು ಗೇಣಿಗೆ ತಟ್ಟುವುದು. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಮೂಟೆಗೆ ಹೊಡೆದಂತೆ. ಅನುಮಾನ ಬಂದಲ್ಲಿ ಚೂಪಾದ ದಬ್ಬಳ ಒತ್ತುವುದು. ಕಾಲಿಂಚಿಗಿಂತ ಹೆಚ್ಚು ಸಲೀಸಾಗಿ ಹೋದರೆ ಅಲ್ಲಿ ಬಲವಿಲ್ಲ. ದಬ್ಬಳ ಮೀಟಿದಾಗ ಏಳುವ ಚಕ್ಕೆಯನ್ನೂ ನೋಡಬೇಕು. ನಾರು ನಾರಾಗಿ ಉದ್ದಕ್ಕೆ ಎದ್ದರೆ ಒಳ್ಳೆಯ ಮರ, ಬೆಲ್ಲದ ಅಚ್ಚಿನಂತೆ ತುಂಡಾಗಿ ಮುರಿದರೆ ಕೊಳೆತದ್ದು. ತೇವ ಅಳೆಯುವ ಮೀಟರ್ ಪಕ್ಕಾಸಿನ ತುದಿಗಳಲ್ಲಿ 30ಕ್ಕಿಂತ ಮೇಲೆ ತೋರಿಸಿತು. ಪಡುವಣದ 29 ಪಕ್ಕಾಸುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಗಟ್ಟಿ 19. ಸೂರಿನ ತುದಿಯಲ್ಲಿ ಮಾತ್ರ ಕೊಳೆತದ್ದು 7. ಕೊಳೆತ ಗೋಡೆಯವರೆಗೂ ಬಂದದ್ದು 3.

ಪಿವಿಸಿ ಇಲ್ಲದ ತೆಂಕಣ ಸೂರನ್ನೂ ನೋಡಿದೆವು. ಅದೇ ಕಾಲದ ಅದೇ ಮರ, 18ರಲ್ಲಿ ಎರಡಕ್ಕೆ ಮಾತ್ರ ಏಟಾಗಿತ್ತು. ಆದರೆ ಆ ಕಡೆ ಅಡುಗೆಮನೆ ಇದೆ, ಒಲೆಯ ಹೊಗೆ ಎಷ್ಟೋ ವರ್ಷ ಆ ಮರವನ್ನು ಒಣಗಿಸಿ ಹುಳ ಹತ್ತದಂತೆ ನೋಡಿಕೊಂಡಿದೆ. ಹಾಗಾಗಿ ಎಲ್ಲ ತಪ್ಪನ್ನೂ ಪಿವಿಸಿಯ ತಲೆಗೆ ಕಟ್ಟುವುದು ಸರಿಯಲ್ಲ ಎಂದು ಮನೆಯವರಿಗೆ ಹೇಳಿದೆ.

ಆ ಮಳೆಗಾಲಕ್ಕೆ ಮಾಡಿದ್ದು ಇಷ್ಟೇ: ಉಳಿದ ಫೈಬರ್ ಹಲಗೆಯನ್ನು ಕಳಚಿ ಇಳಿಸಿದೆವು, ಪಿವಿಸಿ ಪೂರ್ತಿ ತೆಗೆದೆವು, ಒಡೆದ ಹಂಚಿನ ಜಾಗಕ್ಕೆ ಟಾರ್ಪಾಲು ಹಾಸಿದೆವು, ಮೂರು ದುರ್ಬಲ ಪಕ್ಕಾಸುಗಳಿಗೆ ಅಡಿಕೆ ಮರದ ಊರುಗೋಲು ಕೊಟ್ಟೆವು. ಒದ್ದೆ ಮರದ ಮೇಲೆ ಹೊಸ ಕೆಲಸ ಬೇಡ, ಜನವರಿಯವರೆಗೆ ಒಣಗಲಿ ಎಂದೆ. ಸೂರು ಐದು ತಿಂಗಳು ಬೋಳಾಗಿ ಕಾಣುವುದು ಮನೆಯವರಿಗೆ ಕಷ್ಟವಾಯಿತು. ಆದರೂ ಕಾದರು.

ಯಾವುದನ್ನು ಬದಲಿಸುವುದು

ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಮರವನ್ನೆಲ್ಲ ತೆಗೆದು ಕಬ್ಬಿಣದ ಫ್ರೇಮ್ ಮಾಡಿ ಶೀಟ್ ಹಾಕೋಣ ಎನ್ನುವುದು ಹಿರಿಯ ಮಗನದ್ದು. ಸೂರುಹಲಗೆ ಮಾತ್ರ ಬದಲಿಸಿದರೆ ಸಾಕು ಎನ್ನುವುದು ಹಿರಿಯಮ್ಮನದ್ದು. ಎಲ್ಲ ಪಕ್ಕಾಸುಗಳನ್ನೂ ಆರಿಂಚು ಕತ್ತರಿಸಿ, ಕೊಳೆತ ತುದಿ ಬಿಸಾಡಿ, ಒಳಗಿನ ಗಟ್ಟಿ ಮರಕ್ಕೆ ಹಲಗೆ ಹೊಡೆಯೋಣ ಎಂದವರು ಕಿರಿಯ ಮಗ. ಖರ್ಚು ತೀರಾ ಕಡಿಮೆ, ನನಗೂ ಅದು ಒಂದು ಕ್ಷಣ ಸರಿ ಕಂಡಿತು.

ತಡೆದವರು ಆಚಾರಿ. ಅಂಗಳದ ಗುಳಿಗಳ ಸಾಲನ್ನೂ ಜಗಲಿಯ ಅಂಚನ್ನೂ ಕೋಲಿನಲ್ಲಿ ಅಳೆದು ತೋರಿಸಿದರು. ಸೂರು ಆರಿಂಚು ಹಿಂದೆ ಹೋದರೆ ನೀರು ಜಗಲಿಯ ಮೆಟ್ಟಿಲಿನ ಮೇಲೆಯೇ ಬೀಳುತ್ತದೆ, ಅಲ್ಲಿಂದ ಹಾರಿದ ನೀರು ಗೋಡೆಯ ಬುಡಕ್ಕೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಸೂರು ಉಳಿಸಲು ಹೋಗಿ ಗೋಡೆ ಕೆಡಿಸಿದಂತಾಗುತ್ತಿತ್ತು. ಎರಡನೇ ತಿರುವು ಅದು. ಉದ್ದ ಮೂರು ಅಡಿಯೇ ಇರಲಿ ಎಂದು ಅಲ್ಲೇ ತೀರ್ಮಾನವಾಯಿತು.

ಕಬ್ಬಿಣದ ಫ್ರೇಮಿನ ಬಗ್ಗೆ ಹಿರಿಯ ಮಗನ ಜೊತೆ ವೀಡಿಯೊ ಕರೆಯಲ್ಲಿ ಒಂದು ಗಂಟೆ ಮಾತಾಡಿದೆ. ಮೂರರಲ್ಲಿ ಎರಡು ಪಾಲು ಪಕ್ಕಾಸು ಗಟ್ಟಿಯಿರುವಾಗ, ಅಂಥ ಹೆಬ್ಬಲಸು ಇಂದು ಸುಲಭವಾಗಿ ಸಿಗದಿರುವಾಗ, ಪೂರ್ತಿ ತೆಗೆಯುವುದು ನಷ್ಟ ಎಂದೆ. ಅವರು ಒಪ್ಪಿದರು. ಅಂದಾಜು 1.6 ಲಕ್ಷ ರೂಪಾಯಿ ಕೊಟ್ಟೆ.

ಜನವರಿಯಲ್ಲಿ ಹಂಚು ಇಳಿಸಿದಾಗ ಆ ಅಂದಾಜು ಸುಳ್ಳಾಯಿತು. ಕೆಳಗಿನಿಂದ ತಟ್ಟಿ ಗಟ್ಟಿ ಎಂದು ಗುರುತು ಹಾಕಿದ್ದ ಐದು ಪಕ್ಕಾಸುಗಳ ಬೆನ್ನು ಕೊಳೆತಿತ್ತು. ರೀಪಿನ ಮೊಳೆ ಇಳಿದ ಕಡೆಯಲ್ಲೆಲ್ಲ ನೀರು ಮೊಳೆಯ ಜೊತೆಗೇ ಒಳಗಿಳಿದಿತ್ತು. ಒಂದರಲ್ಲಿ ಮೇಲಿನಿಂದ ದಬ್ಬಳ ಎರಡಿಂಚು ಹೋಯಿತು, ಅಡಿಭಾಗ ಮಾತ್ರ ಹೊಸ ಮರದಂತೆ ಗಟ್ಟಿಯಿತ್ತು. ಸರಿಯಾದ ಲೆಕ್ಕ ಹೀಗಾಯಿತು: ಗಟ್ಟಿ 14, ತುದಿ ಕೊಳೆತದ್ದು 9, ಪೂರ್ತಿ ಬದಲಿಸಬೇಕಾದದ್ದು 6. ಖರ್ಚು 2.35 ಲಕ್ಷಕ್ಕೆ ಏರಿತು. ಆಗಸ್ಟಿನಲ್ಲೇ ನಾಲ್ಕಾರು ಹಂಚು ಸರಿಸಿ ಮೇಲಿನಿಂದಲೂ ನೋಡಬೇಕಿತ್ತು. ನೋಡದಿದ್ದದ್ದು ನನ್ನ ತಪ್ಪು, ಮನೆಯವರಿಗೆ ಹಾಗೆಂದೇ ಹೇಳಿದೆ. ಈಗ ಮೇಲಿನಿಂದ ನೋಡದೆ ನಾನು ಅಂದಾಜು ಕೊಡುವುದಿಲ್ಲ.

ಕೆಲಸ ಹೀಗೆ ನಡೆಯಿತು. ಆರು ಪಕ್ಕಾಸು ಹೊಸದು. ಒಂಬತ್ತಕ್ಕೆ ಕೊಳೆತ ತುದಿ ಕತ್ತರಿಸಿ, ಗೋಡೆಯಿಂದ ಮೂರು ಅಡಿ ಒಳಗಿನವರೆಗೆ ಪಕ್ಕಕ್ಕೆ ಜೋಡಿ ಮರ ಕೊಟ್ಟು ಬೋಲ್ಟ್ ಹಾಕಿದೆವು. ಹೊಸ ಸೂರುಹಲಗೆ ಒಂದಿಂಚಿನ ಒಂದೇ ಹಲಗೆ, ನೇರವಾಗಿ ಪಕ್ಕಾಸಿನ ತುದಿಗೆ. ಹೊಡೆಯುವ ಮೊದಲು ಅದರ ಬೆನ್ನಿಗೂ ಕೊಯ್ದ ತುದಿಗಳಿಗೂ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಈ ಎಣ್ಣೆ ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಯಿಂದ. ಕಣ್ಣಿಗೆ ಕಾಣುವ ಮುಖಕ್ಕೆ ಮೂರು ಕೋಟ್ ಪೇಂಟ್ ಹೊಡೆದು ತುದಿಗೆ ಏನೂ ಬಳಿಯದೆ ಬಿಟ್ಟರೆ ಪೇಂಟಿನ ದುಡ್ಡು ವ್ಯರ್ಥ. ಕೊನೆಯ ಸಾಲಿನ ಹಂಚಿಗೆ ಅಡಿಯಲ್ಲಿ ಇನ್ನೊಂದು ಹಂಚಿನ ಆಸರೆ ಇರುವುದಿಲ್ಲವಾದ್ದರಿಂದ ಅಲ್ಲಿ ಜೋಡಿ ರೀಪು ಕೊಟ್ಟು, ಇಳಿಜಾರು ಮೇಲಿನ ಸಾಲುಗಳಿಗೆ ಸಮವಾಗುವಂತೆ ದಾರ ಕಟ್ಟಿ ನೋಡಿದೆವು. ಹಲಗೆಯಿಂದ ಹಂಚು ಮೂರು ಇಂಚು ಮುಂದೆ.

ಒಡೆದ ಹಂಚುಗಳಿಗೆ ಬದಲಿ ಹುಡುಕಲು ಹತ್ತು ದಿನ ಬೇಕಾಯಿತು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ. ಬೇರೆ ಅಚ್ಚಿನ ಹಂಚು ಕೂರಿಸಿದರೆ ಚಡಿಗೆ ಚಡಿ ಕೂರದೆ ಸಂದಿ ಉಳಿಯುತ್ತದೆ. ಕೊನೆಗೆ ಹಳೆ ಮನೆ ಕೆಡವಿದ ಸಾಮಾನು ಮಾರುವವರಲ್ಲಿ ಅದೇ ಅಚ್ಚಿನವು ಸಿಕ್ಕಿದವು.

ಅಡಿಭಾಗವನ್ನು ಮತ್ತೆ ಮುಚ್ಚಲಿಲ್ಲ. ಮಲಗುವ ಕೋಣೆಯ ಕಿಟಕಿಯ ಮೇಲೆ, ಬಾವಲಿ ಬರುವ ಕಡೆ, ಚೌಕಟ್ಟಿಗೆ ಬಲೆ ಬಡಿದು ಕೊಕ್ಕೆ ಹಾಕಿದೆವು. ಬೇಕೆಂದಾಗ ಕೈಯಲ್ಲೇ ತೆಗೆದು ನೋಡಬಹುದು. ದಂಬೆ ಬೇಡವೆಂದೆ. ಕಿರಿಯ ಮಗನಿಗೆ ಮಳೆನೀರು ಬಾವಿಗೆ ಬಿಡುವ ಆಸೆ ಇದೆ. ಹಾಗೆ ಮಾಡುವುದಾದರೆ ದಂಬೆಯ ಭಾರ ಹಲಗೆಯ ಮೇಲಲ್ಲ, ಪಕ್ಕಾಸಿಗೇ ಕೊಟ್ಟ ಕಬ್ಬಿಣದ ಪಟ್ಟಿಯ ಮೇಲೆ ಬರಲಿ ಎಂದು ಹೇಳಿ ಬಂದಿದ್ದೇನೆ.

ನಾನು ಈಗ ಬೇರೆಯವರಿಗೆ ಹೇಳುವುದು

ಪೇಂಟ್ ಸುಲಿದದ್ದು, ಮೇಲ್ಮೈಯ ಸಣ್ಣ ಬಿರುಕು, ಒಂದೆರಡು ಮೊಳೆಯ ತುಕ್ಕು ಕಂಡ ಮಾತ್ರಕ್ಕೆ ಹಲಗೆ ಬದಲಿಸಬೇಕಿಲ್ಲ. ದಬ್ಬಳ ಹೋಗದಿದ್ದರೆ ಉಜ್ಜಿ, ಒಣಗಿಸಿ, ಬಣ್ಣ ಕೊಟ್ಟರೆ ಆಯಿತು. ದಬ್ಬಳ ಹೋದರೆ ಅಥವಾ ಹಲಗೆ ಪಕ್ಕಾಸಿನಿಂದ ಬಿಟ್ಟು ನಿಂತಿದ್ದರೆ ಬದಲಿಸಲೇಬೇಕು, ಮೇಲೊಂದು ಹೊದಿಸಿ ಮುಚ್ಚಬಾರದು. ಹಳೆಯದನ್ನು ಕಳಚಿದಾಗ ಪಕ್ಕಾಸಿನ ತುದಿಗಳು ಕಾಣುತ್ತವೆ. ಹಲಗೆಯ ಕೆಲಸವೋ ಮಾಡಿನ ಕೆಲಸವೋ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಹಲಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಳಾಗುತ್ತಿದ್ದರೆ ಮರದ ಜಾತಿಯನ್ನು ದೂರುವ ಮೊದಲು ನೀರು ಎಲ್ಲಿಂದ ಬಂತು ಎಂದು ಮಳೆಯಲ್ಲೇ ನಿಂತು ನೋಡಬೇಕು. ಈ ಮನೆಯವರು 2018ರ ಆ ರಾತ್ರಿ ಪಿವಿಸಿಯ ಒಂದು ಪಟ್ಟಿ ಸರಿಸಿದ್ದರೆ ಖರ್ಚು ಎರಡು ಹಂಚು ಮತ್ತು ಒಂದು ದಿನದ ಕೂಲಿಯಲ್ಲಿ ಮುಗಿಯುತ್ತಿತ್ತು.

2024ರ ಜುಲೈಯಲ್ಲಿ ಮೀಟರ್ ಹಿಡಿದು ಹೋದೆ. ಪಕ್ಕಾಸಿನ ತುದಿಗಳಲ್ಲಿ 19ರಿಂದ 21. ಬಡಗು ಮೂಲೆಯ ಒಂದು ಜೋಡಿ ಮರದ ತುದಿ ಮಾತ್ರ 26 ತೋರಿಸಿತು. ಕೆಲಸದ ಕೊನೆಯ ದಿನ ಕೊಯ್ದದ್ದು, ಎಣ್ಣೆ ಬಳಿಯಲು ಮರೆತಿದ್ದೆವು. ಡಿಸೆಂಬರಿನಲ್ಲಿ ಅದು ಒಣಗಿದ ಮೇಲೆ ಆಚಾರಿ ಹೋಗಿ ಬಳಿದು ಬಂದರು, ಆಗ ಎಲ್ಲ ಕಡೆ 13, 14ಕ್ಕೆ ಇಳಿದಿತ್ತು. ಜುಲೈಯ ಆ ದಿನ ಮಳೆ ಜೋರಿತ್ತು. ಹಿರಿಯಮ್ಮ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಅವರ ಎದುರಿಗೆ ಅಂಗಳದ ಅಂಚಿನಲ್ಲಿ, ಹಳೆಯ ಗುಳಿಗಳ ಪಾಚಿ ತೊಳೆದುಹೋಗಿ ಕಲ್ಲಿನ ಕೆಂಪು ಕಾಣುತ್ತಿತ್ತು. ಒಂದೊಂದು ಹಂಚಿನ ನೀರೂ ತನ್ನ ತನ್ನ ಗುಳಿಗೇ ಬೀಳುತ್ತಿತ್ತು.